ಟೆಲಿಫೋನ್ ಡೈರೆಕ್ಟರಿಯಲ್ಲಿ ಉಳಿದ ಊರುಗಳು

ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಬಳಿಯ ನಮ್ಮ ಕ್ಯಾನ್ಯನ್ ಪಾರ್ಕ್‌ನಿಂದ ದಕ್ಷಿಣಕ್ಕೆ ಹೊರಟು, ಒಲಿಂಪಿಯಾ ದಾಟಿ ಸಮುದ್ರದ ಕಡೆ ತಿರುಗಿದರೆ, ಮೂರು ಗಂಟೆಯ ಮೇಲಿನ ದಾರಿಯಲ್ಲಿ ನೇಸೆಲ್ ಎಂಬ ಪುಟ್ಟ ಊರು ಸಿಗುತ್ತದೆ. ಹೊಳೆ, ಕಾಡು, ಮಳೆ: ನಮ್ಮ ಮಲೆನಾಡಿನವರಿಗೆ ಹೊಸದೆನಿಸದ ಸೀಮೆ. 1880ರ ದಶಕದಿಂದ ಫಿನ್ಲೆಂಡಿನವರು ಇಲ್ಲಿಗೆ ಬಂದು ನೆಲೆಯೂರಿದರು. ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಹಿಡಿದರು, ಮರ ಕಡಿದರು, ಹಸು ಕಟ್ಟಿದರು. ಎಷ್ಟೋ ಮಂದಿ ಮೊದಲು ಸೌನಾ ಕಟ್ಟಿಕೊಂಡು, ಮನೆ ಏಳುವ ತನಕ ಆ ಬಿಸಿಹಬೆಯ ಕೋಣೆಯಲ್ಲೇ ಸಂಸಾರ ಹೂಡಿದರು.

ಮನೆಯಲ್ಲಿ, ಚರ್ಚಿನಲ್ಲಿ ಫಿನ್ನಿಶ್ ಮಾತೇ ನಡೆಯುತ್ತಿತ್ತು. ನದಿಯಾಚೆಯ ಆಸ್ಟೋರಿಯಾದಲ್ಲಿ ಇವರದೇ ಜನ ಮುಂದೆ ನಿಂತು 1896ರಲ್ಲಿ ಮೀನುಗಾರರ ಸಹಕಾರಿ ಕಂಪನಿ ಕಟ್ಟಿದರು. 1911ರಿಂದ ಹೆಂಗಸರಿಗೆಂದೇ ‘ತೊವೆರಿತಾರ್’ ಎಂಬ ಫಿನ್ನಿಶ್ ಪತ್ರಿಕೆ ಹೊರಟಿತು. ಮೊಮ್ಮಕ್ಕಳ ಕಾಲಕ್ಕೆ ಇಂಗ್ಲಿಷ್ ಮನೆಯೊಳಗೆ ಬಂತು. ಈಗ ಫಿನ್ನಿಶ್ ಕೇಳುವುದು ಹೆಚ್ಚಾಗಿ 1982ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಜಾನಪದ ಹಬ್ಬದಲ್ಲಿ. ಹಾಡು, ಕುಣಿತ, ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು. ಇಷ್ಟೇ ಆಗಿದ್ದರೆ ನಮ್ಮ ಯುಗಾದಿ, ರಾಜ್ಯೋತ್ಸವಗಳಿಗಿಂತ ಬೇರೆಯೇನಲ್ಲ ಎಂದು ಮುಂದೆ ಹೋಗಬಹುದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾರ್ಲ್‌ಟನ್ ಆಪೆಲೊ ಅವರ ಕೆಲಸ.

ಆಪೆಲೊ ಆ ಭಾಗದ ಸಣ್ಣದೊಂದು ಟೆಲಿಫೋನ್ ಕಂಪನಿ ನಡೆಸುತ್ತಿದ್ದವರು. ಕಂಪನಿ ಚಂದಾದಾರರಿಗೆ ಹಂಚುವ ಡೈರೆಕ್ಟರಿಯಲ್ಲೇ ಅವರು ಸುತ್ತಲಿನ ಊರುಗಳ ಚರಿತ್ರೆ ಬರೆಯತೊಡಗಿದರು. ಡೀಪ್ ರಿವರ್, ಆಲ್ಟೂನಾ, ಪಿಲ್ಲರ್ ರಾಕ್, ಬ್ರೂಕ್‌ಫೀಲ್ಡ್, ಫ್ರಾಂಕ್‌ಫರ್ಟ್, ನ್ಯಾಪ್‌ಟನ್. ಕೆಲವಂತೂ ಮೀನು, ಮರದ ಉದ್ಯಮ ಮುಗಿದ ಮೇಲೆ ಜನರೇ ಇಲ್ಲದೆ ಹಾಳುಬಿದ್ದ ಊರುಗಳು. ಎಲ್ಲಿ ಯಾರು ಬಂದು ನೆಲೆಸಿದರು, ದೋಣಿ ಎಲ್ಲಿ ನಿಲ್ಲುತ್ತಿತ್ತು, ಶಾಲೆ ಎಲ್ಲಿತ್ತು ಎಂಬಂಥ ವಿವರಗಳನ್ನು ಹಳೆಯ ಫೋಟೋಗಳ ಜೊತೆ ಉಳಿಸಿಕೊಟ್ಟರು. ಫೋನಿದ್ದ ಮನೆಗಳಿಗೆಲ್ಲ ಚರಿತ್ರೆಯೂ ಕೇಳದೆಯೇ ಬಂದು ಸೇರಿತು. ಇಂದು ನೇಸೆಲ್‌ನಲ್ಲಿ ಅವರ ಹೆಸರಿನದೇ ದಾಖಲೆ ಸಂಗ್ರಹಾಲಯವಿದೆ.

ಹೀಗೆ ಊರಿನ ಚರಿತ್ರೆ ಬರೆದಿಡುವುದು ನಮಗೆ ಅಪರಿಚಿತ ವಿದ್ಯೆಯಲ್ಲ. ಕರ್ನಲ್ ಮೆಕೆಂಜಿ ಕಾಲದಲ್ಲಿ ಸಂಗ್ರಹವಾದ ಕೈಫಿಯತ್ತುಗಳಲ್ಲಿ, ಅಂದರೆ ಊರೂರಿನ ವೃತ್ತಾಂತಗಳಲ್ಲಿ, ಊರಿನ ಕೆರೆ, ಗುಡಿ, ಗೌಡಿಕೆ, ಕಂದಾಯ ಎಲ್ಲವೂ ಇವೆ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟ ಸಂಪುಟ ತೆರೆದರೆ, ದೊಡ್ಡ ಚರಿತ್ರೆಯ ಪುಸ್ತಕಗಳು ಕಣ್ಣೆತ್ತಿಯೂ ನೋಡದ ಹಳ್ಳಿಗಳು ತಮ್ಮ ಹುಟ್ಟು, ತಮ್ಮ ಜಗಳ ತಾವೇ ಹೇಳಿಕೊಳ್ಳುತ್ತವೆ. ಆ ಪರಂಪರೆಯವರಾದ ನಾವು ಹೊರದೇಶದ ಕನ್ನಡ ಸಂಚಿಕೆಗಳಲ್ಲಿ ಹಂಪಿ, ಬೇಲೂರುಗಳನ್ನು ಅಕ್ಕರೆಯಿಂದ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಕಾಲ ಕೆಳಗಿನ ನೆಲ?

ಕ್ಯಾನ್ಯನ್ ಪಾರ್ಕ್‌ಗೂ ಕಥೆಯಿದೆ. ಇಲ್ಲಿನ ದಟ್ಟ ಕಾಡು ಕಡಿದಾದ ಮೇಲೆ ಉಳಿದದ್ದು ಬೊಡ್ಡೆಗಳ ಬಯಲು. ಪಕ್ಕದ ಆಲ್ಡರ್‌ವುಡ್ ಮ್ಯಾನರ್‌ನಲ್ಲಿ ಪ್ಯೂಜೆಟ್ ಮಿಲ್ ಕಂಪನಿ 1917ರಿಂದ ಅಂಥ ನೆಲವನ್ನೇ ತುಂಡು ಮಾಡಿ, ಕೋಳಿ ಸಾಕಿ ಬದುಕಬಹುದೆಂದು ಹೇಳಿ ಮಾರಿತು. ಆ ಮಾರ್ಗವಾಗಿ ಸಿಯಾಟಲ್‌ನಿಂದ ಎವರೆಟ್‌ಗೆ 1939ರವರೆಗೆ ವಿದ್ಯುತ್ ರೈಲು ಓಡುತ್ತಿತ್ತು. ಬಾಥೆಲ್ ಪಟ್ಟಣ ಕ್ಯಾನ್ಯನ್ ಪಾರ್ಕನ್ನು ತನ್ನೊಳಗೆ ಸೇರಿಸಿಕೊಂಡದ್ದು 1992ರಲ್ಲಿ. ನಾವು 405 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಪಶ್ಚಿಮಕ್ಕೆ ಉಳಿಯುವ ಫಿನ್ ಹಿಲ್‌ಗೆ ಆ ಹೆಸರು ಬಂದದ್ದೂ ಅಲ್ಲಿ ನೆಲೆಸಿದ್ದ ಫಿನ್ನರಿಂದಲೇ.

ಹೀಗೆ ಬಂದು ನೆಲೆಸಿದವರ ಸಾಲಿಗೆ ಈಗ ನಮ್ಮ ಜನವೂ ಸೇರಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಊರಿನ ಕೈಫಿಯತ್ತಿಗೆಂದು ಕೆಲವು ಪುಟ ತೆಗೆದಿಡಬೇಕೆಂದು ಸಂಪಾದಕರಲ್ಲಿ ನನ್ನ ಬಿನ್ನಹ. ಈ ಕಡೆ ಮೊದಲು ಮನೆ ಮಾಡಿದ ಕನ್ನಡದವರು ಯಾರು? ದಿನಸಿ ಅಂಗಡಿಗಳು ಬರುವ ಮುಂಚೆ ಬೇಳೆ, ಸಾರಿನ ಪುಡಿ ಎಲ್ಲಿಂದ ತರುತ್ತಿದ್ದರು? ಮಕ್ಕಳ ಕನ್ನಡ ಪಾಠ ಮೊದಲು ಯಾರ ಮನೆಯ ನೆಲಮಾಳಿಗೆಯಲ್ಲಿ ಶುರುವಾಯಿತು? ಗಣೇಶನನ್ನು ಎಲ್ಲಿ ಬಿಡುತ್ತಿದ್ದರು? ಇದನ್ನೆಲ್ಲ ಬಲ್ಲ ಹಿರಿಯರು ನಮ್ಮ ಕಾರ್ಯಕ್ರಮಗಳಲ್ಲಿ ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಊಟದ ಸಾಲಿಗೆ ನಿಲ್ಲುವ ಮುಂಚೆ ಅವರ ಪಕ್ಕ ಅರ್ಧ ಗಂಟೆ ಕೂತು ಕೇಳಿ, ಬರೆದುಕೊಳ್ಳೋಣ.