ಸೂಜಿ ತೋರಿಸಿದ್ದು ಯಾರ ಸೊತ್ತು?

ಮಾರುವವನು ತನ್ನ ಸರಕಿನ ದೋಷವನ್ನು ಮುಚ್ಚಿಡಬಾರದು. ಈ ಮಾತಿಗೆ ಎದುರಾಡುವವರು ಸಿಗುವುದಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತೆಂದೂ, ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲಕ್ಕೆ ಇಡಬೇಕಿತ್ತೆಂದು ವ್ಯಾಪಾರಿಗೆ ಹೇಳಿದರೆಂದೂ ಹದೀಸ್ ಓದಿದವರಿಗೆ ಗೊತ್ತು. ಆದರೆ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಮಾರುವವನಿಗೆ ತನ್ನ ಸರಕಿನ ಬೆಲೆ ಗೊತ್ತಿಲ್ಲ, ಕೊಳ್ಳುವವನಿಗೆ ಚೆನ್ನಾಗಿ ಗೊತ್ತು. ಆಗ ಕೊಳ್ಳುವವನು ಆ ಸರಕಿನ ಗುಣವನ್ನು ಮುಚ್ಚಿಡಬಹುದೇ? ದೋಷ ಹೇಳುವುದು ಕರ್ತವ್ಯವಾದರೆ ಗುಣ ಹೇಳುವುದು ಕರ್ತವ್ಯವಲ್ಲವೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ವಸ್ತುವನ್ನು ಮುಂದಿಟ್ಟುಕೊಂಡು ನೋಡುವುದು ಒಳ್ಳೆಯದು. ಆ ವಸ್ತು ಹಳೆಯ ರೇಡಿಯೊದ ವಾಲ್ವ್. ಐವತ್ತು ದಾಟಿದವರು ಅದನ್ನು ನೋಡಿರುತ್ತಾರೆ. ಸ್ವಿಚ್ ಹಾಕಿದ ಅರ್ಧ ನಿಮಿಷದ ಮೇಲೆ, ರೇಡಿಯೊದ ಬೆನ್ನಿನ ರಂಧ್ರಗಳಲ್ಲಿ ಕೆಂಡದಂಥ ಬೆಳಕು ಕಾಣಿಸಿ, ಆಮೇಲೆ ದನಿ ಬರುತ್ತಿತ್ತಲ್ಲ, ಅದೇ. ಗಾಜಿನ ಬುರುಡೆಯೊಳಗೆ ಗಾಳಿ ಇರುವುದಿಲ್ಲ. ನಡುವಿನ ತಂತಿ ಕಾದಾಗ ಅದರ ಸುತ್ತಲಿನ ಕ್ಯಾಥೋಡ್ ಎಂಬ ಕೊಳವೆಯೂ ಕಾಯುತ್ತದೆ. ಅದರ ಮೇಲೆ ಬಳಿದಿರುವ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್‌ನ ತೆಳು ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಹೊಮ್ಮುತ್ತವೆ. ಬಳಸಿದಷ್ಟೂ ಈ ಲೇಪದ ಶಕ್ತಿ ಕುಂದುತ್ತದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಒಳಗೆ ಗಾಳಿ ಹೊಕ್ಕರೆ ಬುರುಡೆಯ ನೆತ್ತಿಯ ಬೆಳ್ಳಿ ಬಣ್ಣದ ಮಚ್ಚೆ ಹಾಲಿನಂತೆ ಬಿಳಿಚಿಕೊಳ್ಳುತ್ತದೆ, ಅಷ್ಟು ಮಾತ್ರ ಹೊರಗಿನವರಿಗೆ ತಿಳಿಯುತ್ತದೆ. ಮಿಕ್ಕಂತೆ ಹೊಸ ವಾಲ್ವ್ ಮತ್ತು ಸತ್ತ ವಾಲ್ವ್ ನೋಡಲು ಒಂದೇ.

ಈ ವಾಲ್ವ್‌ಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು, 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂತು. ಆ ಪ್ರಸಾರ ನಡೆದದ್ದು ವಾಲ್ವ್‌ಗಳಿಂದ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಬಿಡಿಭಾಗಗಳೂ ತಯಾರಾಗತೊಡಗಿದವು. ವಾಲ್ವನ್ನು ಮನೆಗಳಿಂದ ಹೊರಹಾಕಿದ ಟ್ರಾನ್ಸಿಸ್ಟರ್‌ನ ಕಾಲವೂ ಹೀಗೆ ಅದೇ ಕಾರ್ಖಾನೆಯೊಳಗೆ ಕಾಲಿಟ್ಟಿತು. ಆದರೂ ಮುಂದೆ ಅನೇಕ ವರ್ಷ ರೇಡಿಯೊ, ರೇಡಿಯೊಗ್ರಾಂ, ಟೂರಿಂಗ್ ಟಾಕೀಸು, ಮದುವೆ ಮನೆಯ ಧ್ವನಿವರ್ಧಕ ಎಲ್ಲದರಲ್ಲೂ ವಾಲ್ವ್‌ಗಳೇ ಹಾಡಿದವು. ಈಗ ಬಿಇಎಲ್ ಅವನ್ನು ತಯಾರಿಸುವುದಿಲ್ಲ. ಮುಖ್ಯವಾಗಿ ಸ್ಲೊವಾಕಿಯ, ರಷ್ಯ ಮತ್ತು ಚೀನಾದ ಕೆಲವು ಕಾರ್ಖಾನೆಗಳು ಸಂಗೀತಪ್ರಿಯರಿಗಾಗಿ ಮಾಡುತ್ತಿವೆ. ಆದ್ದರಿಂದಲೇ ಹಳೆಯ ವಾಲ್ವ್‌ಗಳನ್ನು, ಬಿಇಎಲ್‌ನವು ಸೇರಿದಂತೆ, ದೇಶವಿದೇಶಗಳಲ್ಲಿ ಹುಡುಕಿ ಕೊಳ್ಳುವವರಿದ್ದಾರೆ.

ಹೀಗೆ ಕೊಳ್ಳುವವರು ಕೇಳುವ ಪ್ರಶ್ನೆಗಳು ಎರಡು. ಒಂದು, ಇದರಲ್ಲಿ ಜೀವ ಎಷ್ಟಿದೆ? ಎರಡು, ಇದಕ್ಕೆ ಜೋಡಿ ಇದೆಯೇ?

ಮೊದಲನೆಯದಕ್ಕೆ ಪರೀಕ್ಷಾ ಯಂತ್ರ ಬೇಕು. ಇಎಲ್ 84 ಎಂಬ ವಾಲ್ವನ್ನೇ ತೆಗೆದುಕೊಳ್ಳಿ. ತಯಾರಕರ ಪಟ್ಟಿಯ ಪ್ರಕಾರ ಆನೋಡ್‌ಗೂ ಸ್ಕ್ರೀನಿಗೂ 250 ವೋಲ್ಟ್, ಗ್ರಿಡ್‌ಗೆ ಋಣ 7.3 ವೋಲ್ಟ್ ಕೊಟ್ಟರೆ ಅದು 48 ಮಿಲಿ ಆಂಪಿಯರ್ ವಿದ್ಯುತ್ತನ್ನು ಹರಿಸಬೇಕು. ಅಷ್ಟು ಹರಿಸಿದರೆ ಆರೋಗ್ಯವಾಗಿದೆ. ಬ್ರಿಟನ್ನಿನ ಏವೋ ಕಂಪನಿಯ ಮೀಟರುಗಳು ಇಂಥ ಲೆಕ್ಕವನ್ನು ಸಂಖ್ಯೆಯಲ್ಲಿ ಕೊಡುತ್ತವೆ. ಅಮೆರಿಕದ ಹಲವು ಅಗ್ಗದ ಯಂತ್ರಗಳಲ್ಲಿ ಸಂಖ್ಯೆಗಿಂತ ತೀರ್ಪು ಎದ್ದು ಕಾಣುತ್ತದೆ. ಸೂಜಿಯ ಹಿಂದಿನ ತಟ್ಟೆಯಲ್ಲಿ ಒಂದು ಕಡೆ ಕೆಟ್ಟದ್ದು, ಇನ್ನೊಂದು ಕಡೆ ಒಳ್ಳೆಯದು, ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ಜೋಡಿಯ ಮಾತು. ಉತ್ತಮ ಆಂಪ್ಲಿಫೈಯರುಗಳಲ್ಲಿ ಎರಡು ವಾಲ್ವ್‌ಗಳು ಒಂದೇ ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳನ್ನು ಎಳೆಯುತ್ತವೆ, ಒಂದು ಎಳೆಯುವಾಗ ಇನ್ನೊಂದು ಬಿಡುತ್ತದೆ. ಎರಡರಲ್ಲಿ ಹರಿಯುವ ವಿದ್ಯುತ್ತು ಸಮವಾಗಿದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಅವುಗಳ ಕಾಂತಶಕ್ತಿ ಪರಸ್ಪರ ರದ್ದಾಗುತ್ತದೆ. ಒಂದು 48, ಇನ್ನೊಂದು 36 ಆಗಿದ್ದರೆ ರದ್ದಾಗದೆ ಉಳಿದದ್ದು ಕಬ್ಬಿಣವನ್ನು ಬಿಗಿಯುತ್ತದೆ, ತಗ್ಗಿನ ಸ್ವರಗಳು ಕೆಡುತ್ತವೆ, ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸದ್ದು ಸೇರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂದಂತೆ. 48 ಮತ್ತು 36ರ ಜೋಡಿಗಿಂತ 40 ಮತ್ತು 40ರ ಜೋಡಿಯೇ ಹೆಚ್ಚು ಶುದ್ಧವಾಗಿ ಹಾಡಬಹುದು. ಜೋಡಿಗೆ ಬೇಕಾದದ್ದು ಇಬ್ಬರ ಹೊಂದಾಣಿಕೆ, ಒಬ್ಬನ ಶ್ರೇಷ್ಠತೆಯಲ್ಲ. ದನದ ಜಾತ್ರೆಯಲ್ಲಿ ಸರಿಜೋಡಿ ಎತ್ತುಗಳಿಗೆ ಎರಡು ಬಿಡಿ ಎತ್ತುಗಳಿಗಿಂತ ಹೆಚ್ಚು ಬೆಲೆ ಬರುವ ಹಾಗೆ ಜೋಡಿ ವಾಲ್ವ್‌ಗಳಿಗೂ ಬರುತ್ತದೆ. ಈ ಜೋಡಿಯನ್ನು ಹುಡುಕಲು ಹತ್ತಾರು ವಾಲ್ವ್‌ಗಳನ್ನು ಗಂಟೆಗಟ್ಟಲೆ ಕಾಯಿಸಿ, ಸ್ಥಿರವಾದ ಮೇಲೆ ಅಳೆದು, ಬರೆದು, ಹೋಲಿಸಬೇಕು.

ಈಗ ಪ್ರಸಂಗಕ್ಕೆ ಬರೋಣ. ಅರಸೀಕೆರೆಯ ಜಂಕ್ಷನ್ ಹತ್ತಿರ ಒಬ್ಬ ರೇಡಿಯೊ ರಿಪೇರಿಯವನಿದ್ದಾನೆ ಎಂದಿಟ್ಟುಕೊಳ್ಳಿ. ಅವನ ಹತ್ತಿರ ಒಳ್ಳೆಯ ಮೀಟರಿದೆ. ಜಾವಗಲ್ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಮಾವನ ಕಾಲದ ರೇಡಿಯೊ ತರುತ್ತಾಳೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ರಿಪೇರಿಗೆ ಹಣ ಹಾಕುವ ಸ್ಥಿತಿ ಅವಳದಲ್ಲ. 'ಇದರಿಂದ ಏನಾದರೂ ಹುಟ್ಟುತ್ತದಾ ಅಣ್ಣಾ?' ಎಂದು ಕೇಳುತ್ತಾಳೆ. ಒಳಗೆ ಒಂದು ಇಎಲ್ 84 ಇದೆ, ಸೂಜಿ 47 ತೋರಿಸಿದೆ. ಅವನು 'ಗುಜರಿ ಬೆಲೆ ಕೊಡ್ತೀನಿ' ಎಂದರೆ ಅವಳು ಸಂತೋಷದಿಂದಲೇ ಒಪ್ಪುತ್ತಾಳೆ. ಅವನು ಸುಳ್ಳು ಹೇಳಿಲ್ಲ, ಬಲವಂತ ಮಾಡಿಲ್ಲ. ತಪ್ಪೇನು?

ಈ ಪ್ರಶ್ನೆ ಎರಡು ಸಾವಿರ ವರ್ಷ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯ ಉದಾಹರಣೆ ಇದೆ. ರೋಡ್ಸ್ ದ್ವೀಪದಲ್ಲಿ ಬರ. ಈತ ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಕಂಡಿದ್ದಾನೆ. ಅದನ್ನು ಜನರಿಗೆ ಹೇಳಬೇಕೇ? ಕಾನೂನು ಕೇಳಿದ್ದನ್ನಷ್ಟೇ ಹೇಳಿದರೆ ಸಾಕು ಎಂಬುದು ಬ್ಯಾಬಿಲೋನಿನ ಡಯೋಜೆನಿಸ್‌ನ ವಾದ. ಎಲ್ಲವನ್ನೂ ಹೇಳಬೇಕು ಎಂಬುದು ಅವನ ಶಿಷ್ಯ ಆಂಟಿಪೇಟರ್‌ನ ವಾದ. ಸಿಸೆರೊ ನಿಂತದ್ದು ಹೇಳಬೇಕೆಂಬುವರ ಪಕ್ಷದಲ್ಲಿ.

ಇಸ್ಲಾಮಿನ ವ್ಯಾಪಾರ ನಿಯಮಗಳಲ್ಲಿ ನಮ್ಮ ಪ್ರಸಂಗಕ್ಕೆ ಇನ್ನೂ ಹತ್ತಿರದ ಮಾತಿದೆ. ಹಳ್ಳಿಗಾಡಿನಿಂದ ಸರಕು ಹೊತ್ತು ಬರುವ ಸವಾರರನ್ನು ಊರ ಹೊರಗೇ ಎದುರುಗೊಂಡು ಕೊಳ್ಳುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ಹಾಗೆ ಕೊಂಡರೂ ಮಾರಿದವನು ಪೇಟೆಗೆ ಬಂದು ಬೆಲೆ ತಿಳಿದ ಮೇಲೆ ವ್ಯವಹಾರವನ್ನು ಮುರಿಯುವ ಹಕ್ಕು ಅವನಿಗೆ ಉಳಿಯುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬನಿಗೆ ಪೇಟೆಯ ಬೆಲೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ. ಅರಸೀಕೆರೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಬ್ಬರಿಯ ಮೂಟೆ ಮಂಡಿ ತಲುಪುವ ಮೊದಲೇ ದಾರಿಯಲ್ಲಿ ದರ ಕುದುರಿಸುವ ದಲ್ಲಾಳಿಯನ್ನು ತೆಂಗಿನ ಸೀಮೆ ಕಂಡಿಲ್ಲವೇ? ರೈತನಿಗೆ ತೂಕ ಮತ್ತು ದರ ಎರಡೂ ಬಹಿರಂಗವಾಗಿ ತಿಳಿಯಲೆಂದೇ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ಹಳೆಯ ವಾಲ್ವ್‌ಗೆ ಅಂಥ ಮಂಡಿ ಇಲ್ಲ. ಆ ಹೆಣ್ಣುಮಗಳಿಗೆ ಬೆಲೆ ತಿಳಿಯಲು ಇರುವ ಒಂದೇ ಪೇಟೆ ರಿಪೇರಿಯವನ ಬಾಯಿ.

ಆದರೆ ರಿಪೇರಿಯವನ ಪಕ್ಷದ ಮಾತನ್ನೂ ಕೇಳಬೇಕು. ವಿದ್ಯೆ ಅವನದು, ಮೀಟರು ಅವನದು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಅಲೆದು ಗಿರಾಕಿಗಳನ್ನು ಸಂಪಾದಿಸಿದವನು ಅವನು. ಅವನಿಲ್ಲದಿದ್ದರೆ ಆ ವಾಲ್ವ್ ಗುಜರಿಯ ಚೀಲದಲ್ಲಿ ಒಡೆದುಹೋಗುತ್ತಿತ್ತು. ತಿಳಿದವನು ತಿಳಿಯದವನಿಗೆ ಎಲ್ಲವನ್ನೂ ಬಿಟ್ಟಿ ಹೇಳಬೇಕೆಂದರೆ ಕಲಿಯುವ ಕಷ್ಟವನ್ನು ಯಾರು ಪಡುತ್ತಾರೆ? ಇದು ತಳ್ಳಿಹಾಕುವ ವಾದವಲ್ಲ. 1878ರ ನಿಧಿ ಕಾಯ್ದೆಯನ್ನು ನೋಡಿ. ನೆಲ ಅಗೆಯುವಾಗ ನಿಧಿ ಸಿಕ್ಕಿ, ಅದಕ್ಕೆ ವಾರಸುದಾರರು ಯಾರೂ ಇಲ್ಲವೆಂದು ತೀರ್ಮಾನವಾಗಿ, ಬೇರೆ ಒಪ್ಪಂದವೂ ಇಲ್ಲದಿದ್ದರೆ, ಹುಡುಕಿದವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು ಎಂದು ಅದು ಹೇಳುತ್ತದೆ. ಹುಡುಕಿದವನ ಶ್ರಮಕ್ಕೆ ಕಾನೂನೂ ಬೆಲೆ ಕೊಟ್ಟಿದೆ. ಆದರೆ ಅದು ವಾರಸುದಾರ ಇಲ್ಲದ ನಿಧಿಯ ಮಾತು. ರೇಡಿಯೊದ ವಾರಸುದಾರಳು ಅಂಗಡಿಯ ಬಾಗಿಲಲ್ಲೇ ನಿಂತಿದ್ದಾಳೆ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ವಾಲ್ವ್‌ನ ವ್ಯವಹಾರವೇ ಇದಕ್ಕೊಂದು ಉತ್ತರ ಕೊಡುತ್ತದೆ ಎಂದು ನನಗನ್ನಿಸುತ್ತದೆ. ವಾಲ್ವ್‌ನ ಬೆಲೆಯಲ್ಲಿ ಎರಡು ಭಾಗಗಳಿವೆ. ಒಂದು ಅದರ ಆರೋಗ್ಯದ ಬೆಲೆ, ಸೂಜಿ ತೋರಿಸಿದ 47. ಅದು ರಿಪೇರಿಯವನು ಹುಟ್ಟಿಸಿದ್ದಲ್ಲ. ಅವನು ನೋಡುವ ಮೊದಲೂ ಅದು ಆ ಗಾಜಿನೊಳಗಿತ್ತು, ಆ ಗಾಜು ಅವಳದಾಗಿತ್ತು. ಇನ್ನೊಂದು ಜೋಡಿಯ ಬೆಲೆ. ಅವಳ 47ಕ್ಕೆ ಸರಿಸಮನಾದ ಇನ್ನೊಂದು 47 ಇರುವುದು ಅವನ ಡಬ್ಬಿಯಲ್ಲಿ. ಆ ಸಂಬಂಧ ಯಾವ ಒಂದು ಬುರುಡೆಯೊಳಗೂ ಇಲ್ಲ, ಅವನ ಹುಡುಕಾಟದಿಂದ ಹುಟ್ಟಿದ್ದು. ಅದರ ಲಾಭ ನ್ಯಾಯವಾಗಿ ಅವನದು. ಆರೋಗ್ಯ ಒಡೆಯನದು, ಹೊಂದಾಣಿಕೆ ಹೊಂದಿಸಿದವನದು. 'ಅಮ್ಮಾ, ಇದರೊಳಗಿನ ಈ ಬುರುಡೆ ಚೆನ್ನಾಗಿದೆ, ಬಿಡಿಯಾಗಿ ಇದಕ್ಕೆ ಇಷ್ಟು ಬೆಲೆ ಇದೆ, ಪರೀಕ್ಷೆಯ ಕೂಲಿ ಇಷ್ಟು ಕಳೆದು ಉಳಿದದ್ದನ್ನು ಕೊಡುತ್ತೇನೆ' ಎಂದರೆ ಅವನ ಋಣ ತೀರಿತು. ಆಮೇಲೆ ಜೋಡಿ ಕಟ್ಟಿ ಎಷ್ಟಕ್ಕೆ ಮಾರಿದರೂ ಅದರ ಲೆಕ್ಕವನ್ನು ಅವಳಿಗೆ ಒಪ್ಪಿಸಬೇಕಾಗಿಲ್ಲ.

ಈ ಗೆರೆಯನ್ನು ಬೇರೆ ಪ್ರಸಂಗಗಳಿಗೂ ಹಚ್ಚಿ ನೋಡಬಹುದು. ಬೇಲೂರು ಕಡೆಯ ಕಾಫಿ ತೋಟದ ಬಂಗಲೆಯಿಂದ ದೊಡ್ಡ ರೇಡಿಯೊಗ್ರಾಂ ಒಂದು ಬಂತು ಎನ್ನೋಣ. ಅದರಲ್ಲಿ ಮೊದಲಿನಿಂದಲೂ ಒಟ್ಟಿಗೆ ದುಡಿದ ಎರಡು ಇಎಲ್ 84 ಇವೆ, ಒಟ್ಟಿಗೇ ಸವೆದು ಎರಡೂ 42 ತೋರಿಸುತ್ತವೆ. ಇಲ್ಲಿ ಜೋಡಿಯೂ ಒಡೆಯನ ಮನೆಯಲ್ಲೇ ಆದದ್ದು. ಅದನ್ನೂ ಹೇಳಬೇಕು. ಗುಜರಿ ವ್ಯಾಪಾರಿ ಒಂದು ಚೀಲ ವಾಲ್ವ್‌ಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದರೆ ವಿಷಯ ಬೇರೆ. ಅವನು ವ್ಯಾಪಾರಿ. ಒಳಗೇನಿದೆ ಎಂದು ಪರೀಕ್ಷಿಸುವ ಗೋಜು ತನಗೆ ಬೇಡವೆಂದು ತಾನೇ ನಿರ್ಧರಿಸಿ ತೂಕಕ್ಕೆ ಮಾರಿದ್ದಾನೆ. ಚೀಲದಲ್ಲಿ ಎಲ್ಲವೂ ಸತ್ತ ವಾಲ್ವ್‌ಗಳೇ ಇದ್ದರೆ ನಷ್ಟ ಕೊಂಡವನದೇ. ನಷ್ಟದ ಭಾರ ಹೊತ್ತವನು ಲಾಭವನ್ನೂ ಹೊರಬಹುದು. ಆ ಹೆಣ್ಣುಮಗಳು ಹಾಗಲ್ಲ. ಅವಳು ನಂಬಿ ಕೇಳಿದ್ದಾಳೆ. ಕೇಳಿದ ಕ್ಷಣದಿಂದ ಸೂಜಿ ತೋರಿಸಿದ್ದು ಅವನ ಕೈಯಲ್ಲಿರುವ ಅಮಾನತು. ಡಾಕ್ಟರು ನಮ್ಮ ಮೈಯೊಳಗೆ ಕಂಡದ್ದು ಡಾಕ್ಟರ ಸೊತ್ತಾಗುವುದಿಲ್ಲವಲ್ಲ, ಹಾಗೆ.

ಹೀಗೆ ಕೊಳ್ಳುವಾಗ ಬಾಯಿ ಬಿಟ್ಟವನು ಮಾರುವಾಗಲೂ ಬಿಡಬೇಕಾಗುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆಯ ಮಾತು ಇಲ್ಲಿ ಬರುತ್ತದೆ. ಸೂಜಿ ಅದರ ಮೇಲೆ ನಿಂತ ವಾಲ್ವನ್ನು ನಗರದ ಗಿರಾಕಿಗೆ 'ಒಳ್ಳೆಯದು' ಎಂದೂ, ಹಳ್ಳಿಯ ಒಡತಿಗೆ 'ಹೋಗಿದೆ' ಎಂದೂ ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ಒಂದೇ ಸೂಜಿ, ಎರಡು ಭಾಷೆ. ಇದಕ್ಕೆ ಮದ್ದು ವಿಶೇಷಣ ಬಿಟ್ಟು ಸಂಖ್ಯೆ ಹೇಳುವುದು. ಎಷ್ಟು ವೋಲ್ಟಿನಲ್ಲಿ ಎಷ್ಟು ಮಿಲಿ ಆಂಪಿಯರ್ ಬಂತು ಎಂದು ಪೆಟ್ಟಿಗೆಯ ಮೇಲೆ ಬರೆದುಕೊಟ್ಟರೆ ಕೊಂಡವನು ಇನ್ನೊಂದು ಮೀಟರಿನಲ್ಲಿ ನೋಡಿಕೊಳ್ಳಬಹುದು. 'ಜೋಡಿ' ಎಂದು ಬಾಯಿಮಾತಿನಲ್ಲಿ ಹೇಳುವವನು ತನ್ನನ್ನು ನಂಬಿ ಎನ್ನುತ್ತಾನೆ, ಅಂಕಿ ಬರೆದುಕೊಡುವವನು ತನ್ನನ್ನು ಪರೀಕ್ಷಿಸಿ ಎನ್ನುತ್ತಾನೆ.

ಹೀಗೆಲ್ಲ ಮಾಡಿದರೆ ಬದುಕುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಬೆಲೆ ಕೇಳಿದ ಹೆಣ್ಣುಮಗಳು 'ಹಾಗಾದರೆ ಬೇಡ, ಬೆಂಗಳೂರಿಗೇ ಕಳಿಸುತ್ತೇನೆ' ಎಂದು ರೇಡಿಯೊ ಎತ್ತಿಕೊಂಡು ಹೋಗಬಹುದು. ದಾರಿಯಲ್ಲಿ ಇನ್ನೊಬ್ಬ ಅವಳನ್ನು ಮರುಳು ಮಾಡಿ ಗುಜರಿ ಬೆಲೆಗೇ ಕೊಂಡುಕೊಳ್ಳಬಹುದು. ಸತ್ಯ ಹೇಳಿದವನಿಗೆ ವಾಲ್ವ್ ತಪ್ಪಿತು, ಅವಳಿಗೂ ಹಣ ಸಿಗಲಿಲ್ಲ. ಇಂಥದ್ದು ನಡೆಯುವುದೇ ಇಲ್ಲ ಎಂದು ಹೇಳಿ ಯಾರನ್ನೂ ಸಮಾಧಾನಪಡಿಸಲಾರೆ. ಪ್ರಾಮಾಣಿಕತೆ ಕೊನೆಗೆ ಲಾಭವನ್ನೇ ತರುತ್ತದೆ ಎಂಬ ಉಪದೇಶ ಕೇಳಲು ಹಿತ, ಆದರೆ ಲಾಭಕ್ಕಾಗಿ ಹೇಳಿದ ಸತ್ಯ ಲಾಭ ನಿಂತ ದಿನ ನಿಂತುಹೋಗುತ್ತದೆ. ರಿಪೇರಿಯವನು ಹೇಳಬೇಕಾದದ್ದು ಅದು ಅವಳ ಸೊತ್ತು ಎಂಬ ಕಾರಣಕ್ಕೆ. ತನ್ನ ಸೊತ್ತನ್ನು ಜಾಣತನದಿಂದ ಮಾರುವುದೋ ಕಳೆದುಕೊಳ್ಳುವುದೋ ಅವಳ ಹಕ್ಕು. ಅವಳ ವಸ್ತುವಿನೊಳಗೆ ಏನಿದೆಯೆಂಬ ಅರಿವನ್ನೇ ಅವಳಿಂದ ತೆಗೆದುಕೊಂಡ ಮೇಲೆ ಆ ಹಕ್ಕಿಗೆ ಅರ್ಥವಿರುವುದಿಲ್ಲ.

ವಾಲ್ವ್‌ಗಳು ಇನ್ನು ಎಷ್ಟು ಕಾಲ ಇರುತ್ತವೋ. ಆದರೆ ಒಬ್ಬನ ಕೈಯಲ್ಲಿ ವಸ್ತು, ಇನ್ನೊಬ್ಬನ ಕೈಯಲ್ಲಿ ಮೀಟರು ಇರುವ ವ್ಯವಹಾರಗಳು ಮುಗಿಯುವುದಿಲ್ಲ. ಜಮೀನು, ಚಿನ್ನ, ಹಳೆಯ ಪುಸ್ತಕ, ಕೂಲಿಯವನ ದುಡಿಮೆ, ಯಾವುದನ್ನೇ ಕೊಳ್ಳುವಾಗಲೂ ಮೀಟರು ನಮ್ಮ ಕೈಯಲ್ಲಿದ್ದರೆ ಒಮ್ಮೆ ಕೇಳಿಕೊಳ್ಳಬಹುದು: ಈ ಬೆಲೆಯಲ್ಲಿ ನಾನು ಹೊಂದಿಸಿದ್ದು ಎಷ್ಟು, ಮೊದಲೇ ಎದುರಿನವರದಾಗಿದ್ದದ್ದು ಎಷ್ಟು?