ಹಸಿರು ಹೊಳಪು ಮತ್ತು ವ್ಯಾಪ್ತಿಯ ಪ್ರಶ್ನೆ

ಬೊಹೀಮಿಯಾದ ಯೋಸೆಫ್ ರೀಡೆಲ್ 1830ರ ದಶಕದಿಂದ ತಯಾರಿಸಿ, ಹೆಂಡತಿ ಅನ್ನಾಳ ಹೆಸರಿಟ್ಟ ಹಳದಿ ಗಾಜಿಗೆ ಬಣ್ಣ ಕೊಟ್ಟದ್ದು ಯುರೇನಿಯಂ. ಆ ಧಾತು ವಿಕಿರಣ ಸೂಸುತ್ತದೆಂಬುದು 1896ರಲ್ಲಿ ಭೌತವಿಜ್ಞಾನಿ ಬೆಕರೆಲ್ ಕಂಡುಕೊಳ್ಳುವವರೆಗೆ ಯಾರಿಗೂ ತಿಳಿದಿರಲಿಲ್ಲ, ಆದರೂ ಊಟದ ಮೇಜಿನ ಬಟ್ಟಲಿನಲ್ಲಿ ಆ ಗುಣ ಇದ್ದೇ ಇತ್ತು. ಇಂದಿನ ಸಂಗ್ರಾಹಕರು ಅಂಥ ಬಟ್ಟಲಿಗೆ ಕತ್ತಲಲ್ಲಿ ಅತಿನೇರಳೆ ದೀಪವನ್ನು, ಅಂದರೆ ಕಣ್ಣಿಗೆ ಕಾಣದ ಕಿರಣ ಬೀರುವ ದೀಪವನ್ನು ಹಿಡಿದಾಗ, ಅಂಚಿನಿಂದ ತಳದವರೆಗೆ ಬಾಳೆಯ ಸುಳಿಯಂಥ ಹಸಿರು ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿ ಅವರು ಒಳಗೆ ಯುರೇನಿಯಂ ಇದೆಯೆಂದು ತೀರ್ಮಾನಿಸುತ್ತಾರೆ. ನ್ಯಾಯದರ್ಶನದ ಮಾತಿನಲ್ಲಿ ಇದು ಅನುಮಾನ, ಎಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಹೇತುವೆಂಬ ಕಾಣುವ ಗುರುತಿನಿಂದ ಕಾಣದ್ದನ್ನು ತಿಳಿಯುವುದು. ಅದಕ್ಕೆ ಆಧಾರ ವ್ಯಾಪ್ತಿ, ಅಂದರೆ ಗುರುತು ಇದ್ದಲ್ಲೆಲ್ಲ ಗುರುತಿಸಬೇಕಾದದ್ದೂ ಇರುತ್ತದೆಂಬ ತಪ್ಪದ ಸಂಬಂಧ. ಆದರೆ ಗಾಜಿನ ಕೊಳೆಬಣ್ಣ ಕಳೆಯಲು ಬೆರೆಸುತ್ತಿದ್ದ ಮ್ಯಾಂಗನೀಸ್ ಕೂಡ ಅದೇ ದೀಪದಡಿ ಮಂಕಾದ ಹಸಿರು ಸೂಸುವುದರಿಂದ, ಬರಿಯ ಹೊಳಪೆಂಬ ಹೇತು ಸವ್ಯಭಿಚಾರವಾಗುತ್ತದೆ, ಎಂದರೆ ಯುರೇನಿಯಂ ಇಲ್ಲದ ಕಡೆಯೂ ಸಲ್ಲುವ ದೋಷದ ಹೇತುವಾಗುತ್ತದೆ. ಇಲ್ಲಿ ಕೆಟ್ಟದ್ದು ಕಣ್ಣಲ್ಲ, ಕಣ್ಣು ಹಸಿರನ್ನು ಸರಿಯಾಗಿಯೇ ಕಂಡಿದೆ; ಅವಸರಪಟ್ಟದ್ದು ಬುದ್ಧಿ. ಆದ್ದರಿಂದ ಪಳಗಿದ ಸಂಗ್ರಾಹಕನು ಹೊಳಪಿನ ತೀಕ್ಷ್ಣತೆಯನ್ನು ವಿಶೇಷಣವಾಗಿ ಸೇರಿಸಿ ಹೇತುವನ್ನು ಬಿಗಿಗೊಳಿಸುತ್ತಾನೆ, ಆಮೇಲೂ ಸಂದೇಹ ಉಳಿದರೆ ವಿಕಿರಣವನ್ನೇ ಎಣಿಸುವ ಗೈಗರ್ ಯಂತ್ರವನ್ನು ಬಟ್ಟಲಿನ ಮೈಗೆ ಹತ್ತಿರ ಹಿಡಿದು ಅದರ ಟಿಕ್‌ಟಿಕ್ ಸದ್ದಿಗೆ ಕಿವಿಗೊಡುತ್ತಾನೆ.