ಇಂದಿನ ಧಮ್ಮ ಚಿಂತನೆ: ನಡುವಿನ ಕುರ್ಚಿ ಯಾರದು?



ಮನೆಯಲ್ಲಿ ಸ್ಟೀರಿಯೋ ಇಡಲು ಒಂದು ಲೆಕ್ಕವಿದೆ. ಎರಡು ಸ್ಪೀಕರ್‌ಗಳ ನಡುವೆ 8 ಅಡಿ ಇದ್ದರೆ, ಕೇಳುವವರು ಎರಡರಿಂದಲೂ 8 ಅಡಿ ದೂರದಲ್ಲಿ ಕೂರಬೇಕು. ಆಗ ಹಾಡುವವರ ದನಿ, ಸ್ಪೀಕರೇ ಇಲ್ಲದ ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ. ಪಕ್ಕಕ್ಕೆ ಸರಿದರೆ ದನಿ ಹತ್ತಿರದ ಸ್ಪೀಕರಿನತ್ತ ವಾಲುತ್ತದೆ. ಗೋಡೆಯಾಚೆ ಹೋದರೆ ಪದಗಳು ಮಸುಕಾಗಿ ಬರೀ ದಿಮಿದಿಮಿ ಉಳಿಯುತ್ತದೆ.

ಭಾನುವಾರ ಬುದ್ಧವಂದನೆ ಹಾಕಿದಾಗ ಆ ನಡುವಿನ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಗೋಡೆಯಾಚೆ, ಅಡುಗೆಮನೆಯಲ್ಲಿ ಯಾರಿರುತ್ತಾರೆ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸಮಾನತೆಗಾಗಿ ಶ್ರಮಿಸುವುದೂ ಒಂದು. ಅದು ಊರಿಗಷ್ಟೇ ಅಲ್ಲ, ನಮ್ಮ ಮನೆಗೂ ಸಲ್ಲುತ್ತದೆ. ಈ ಭಾನುವಾರ ಒಲೆಯ ಮುಂದೆ ನೀವು ನಿಲ್ಲಿ. ಆ ಕುರ್ಚಿಯಲ್ಲಿ ಅವರು ಕೂತು ಕೇಳಲಿ.

ಭವತು ಸಬ್ಬ ಮಂಗಲಂ.